ಮುತ್ತಜ್ಜಿಯ ಹೆಸರು ಹುಡುಕಿ ಬಾರಿಗೆ ಹೋದದ್ದು

ಮರ್ಯಾದೆಯಾಗಿ ಬದುಕಿದವರಿಗೇ ಅವಮಾನಗಳು ವಿಳಾಸ ಕೇಳಿಕೊಂಡು ಬರೋದು. ಮೂವತ್ತು ವರ್ಷ ಕೋಲಾರದಲ್ಲಿ ಹೈಸ್ಕೂಲು ಮಕ್ಕಳಿಗೆ ಇತಿಹಾಸ ಪಾಠ ಮಾಡಿ ನಿವೃತ್ತಳಾದವಳು ನಾನು. ಅಷ್ಟು ವರ್ಷದಲ್ಲಿ ಆಗದ ಅವಮಾನ ಹೋದ ವರ್ಷ ಒಂದೇ ತಿಂಗಳಲ್ಲಿ ಆಯ್ತು.

ಶುರುಮಾಡಿದ್ದು ನಮ್ಮಪ್ಪ. ಎಂಬತ್ತಾರು ವರ್ಷ. ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಟ್ಟು ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೀತಾರೆ. ತಮ್ಮ ಅಜ್ಜಿಯ ಸರದಿ ಬಂದಾಗ ಮಾತ್ರ "ನಮ್ಮಜ್ಜಿ" ಅಂದು ನಿಂತುಬಿಡ್ತಾರೆ. ಹೆಸರು ಗೊತ್ತಿಲ್ಲ. ನಮ್ಮ ತಾತ ಶ್ರೀನಿವಾಸಪುರ ಬಿಟ್ಟು ಕೋಲಾರಕ್ಕೆ ಬಂದವರು ಮನೆತನದ ಹೆಮ್ಮೆಯ ಒಂದೆರಡು ಮಾತು ಬಿಟ್ಟರೆ ಆ ಊರಿನ ಸುದ್ದಿಯನ್ನೇ ಎತ್ತುತ್ತಿರಲಿಲ್ಲವಂತೆ.

"ಹೆಸರು ಹಿಡಿದು ಕರೀದಿದ್ರೆ ಅವಳಿಗೆ ಹೆಂಗಮ್ಮ ಗೊತ್ತಾಗುತ್ತೆ? ಪಕ್ಕದ ಮನೆ ಅಜ್ಜಿ ಬಂದು ಉಂಡು ಹೋದ್ರೆ? ಊರಿನ ರಾಜರ ಹೆಸರೆಲ್ಲ ಬಾಯಿಪಾಠ ಮಾಡಿದ್ದೀಯಲ್ಲ, ನಮ್ಮಜ್ಜಿ ಹೆಸರು ಹುಡುಕು" ಅಂದರು.

ಸರಿ, ಶ್ರೀನಿವಾಸಪುರದ ಬಸ್ಸು ಹತ್ತಿದೆ.

ಕಲ್ಲಿನ ಮನೆ

ನಮ್ಮ ಮನೆತನಕ್ಕೆ ಹಳಬರು 'ಕಲ್ಲಿಂಟೋಳ್ಳು' ಅಂತಿದ್ರು. ತೆಲುಗಿನಲ್ಲಿ ಇಲ್ಲು ಅಂದರೆ ಮನೆ. ಊರಲ್ಲಿ ಮೊದಲು ಕಲ್ಲಿನ ಮನೆ ಕಟ್ಟಿಸಿದವರು ನಾವೇ ಅಂತ ತಾತ ಹೇಳಿ, ಅಪ್ಪ ಹೇಳಿ, ನಾನೂ ಸ್ಟಾಫ್ ರೂಮಿನಲ್ಲಿ ಹೇಳಿಕೊಂಡು ಓಡಾಡಿದ್ದೆ.

ಹಳೇ ಬೀದಿಯ ಜಗಲಿ ಮೇಲೆ ಒಬ್ಬ ಮುದುಕರು ಕೂತಿದ್ದರು. "ಯಜಮಾನ್ರೇ, ಕಲ್ಲಿಂಟೋಳ್ಳ ಮನೆ ಎಲ್ಲಿತ್ತು?"

"ಅಗೋ, ಬಾರು ಕಾಣ್ತೈತಲ್ಲಮ್ಮ, ಅದೇ."

"ಬಾರಲ್ಲ ಯಜಮಾನ್ರೇ, ಕಲ್ಲಿನ ಮನೆ. ಕಲ್ಲು, ಕಲ್ಲು!" ಅಂತ ಅವರು ಕೂತಿದ್ದ ಚಪ್ಪಡಿಯನ್ನೇ ಕುಟ್ಟಿ ತೋರಿಸಿದೆ.

"ಈ ಕಲ್ಲು ಕನ್ನಡದ್ದಮ್ಮ. ನಿಮ್ಮದು ತೆಲುಗು ಕಲ್ಲು."

ತೆಲುಗಿನಲ್ಲಿ ಕಲ್ಲು ಅಂದರೆ ಹೆಂಡ. ನನಗೆ ತೆಲುಗು ಬರಲ್ಲ ಅಂತಲ್ಲ, ಚೆನ್ನಾಗೇ ಬರುತ್ತೆ. ಆದರೆ ನಮ್ಮಂಥವರ ಮನೆ ಹೆಸರಿಗೆ ಆ ಅರ್ಥ ಹಚ್ಚಬಹುದು ಅಂತ ಇಷ್ಟು ವಯಸ್ಸಾದರೂ ತಲೆಗೆ ಹೊಳೆದಿರಲಿಲ್ಲ. ಮೈಯೆಲ್ಲ ಉರಿದುಹೋಯ್ತು.

"ಹಂಗಾದ್ರೆ ಕಲ್ಲಿನ ಮನೆ ಅನ್ನೋದು ಇರಲೇ ಇಲ್ವಾ?"

"ಮನೆ ಹುಲ್ಲಿಂದಮ್ಮ," ಅಂದರು ಸಮಾಧಾನವಾಗಿ. "ಒಳಗಡೆ ಇದ್ದದ್ದು ಕಲ್ಲು."

ಯಾವ ಶರ್ಟು?

ಬೆಳಗ್ಗೆ ಹನ್ನೊಂದು ಗಂಟೆ. ಹೆಗಲಿಗೆ ವ್ಯಾನಿಟಿ ಬ್ಯಾಗು, ಕೈಯಲ್ಲಿ ನೋಟ್‌ಬುಕ್ಕು, ಜೀವನದಲ್ಲಿ ಮೊದಲ ಸಲ ಬಾರಿನ ಒಳಗೆ ಕಾಲಿಟ್ಟೆ. ನನ್ನ ಮುಖ ನೋಡಿದ್ದೇ ತಡ, ಇಬ್ಬರು ಗಂಡಸರು ಹಿಂಬಾಗಿಲಿನಿಂದ ಜಾರಿಕೊಂಡರು. ಇನ್ನೊಬ್ಬರು ನ್ಯೂಸ್ ಪೇಪರ್ ಮುಖಕ್ಕೆ ಹಿಡಿದರು, ತಲೆಕೆಳಗಾಗಿ.

ನರೆಗೂದಲಿನ ಸಪ್ಲೈಯರ್ ಓಡಿ ಬಂದ. "ಅಮ್ಮ, ಗಲಾಟೆ ಮಾಡಬೇಡಿ. ಯಾರನ್ನ ಹುಡುಕ್ತಿದ್ದೀರ ಹೇಳಿ, ನಾನೇ ಎಬ್ಬಿಸಿ ಕಳಿಸ್ತೀನಿ."

ನನ್ನ ನೋಡಿದರೆ ಗಂಡನನ್ನ ಬಾರಿನಿಂದ ಎಳಕೊಂಡು ಹೋಗೋಳ ಥರ ಕಾಣ್ತೀನಾ? ನಮ್ಮ ಯಜಮಾನರು ಸೋಡಾ ಕುಡಿದರೂ ತಲೆ ತಿರುಗುತ್ತೆ ಅನ್ನೋರು. ಸಿಟ್ಟಿನಿಂದ, "ನಮ್ಮ ಮುತ್ತಾತನ್ನ ಹುಡುಕ್ತಿದ್ದೀನಪ್ಪ" ಅಂದೆ.

"ಯಾವ ಶರ್ಟು ಹಾಕಿದ್ರು?"

"ಕಲ್ಲಿಂಟೋಳ್ಳ ತಾತ ಕಣಪ್ಪ, ತೀರಿಹೋಗಿ ಎಪ್ಪತ್ತು ವರ್ಷ ಆಯ್ತು!"

ಅವನು ಒಂದ್ಸಲ ಮೂಲೆಮೂಲೆಗೂ ಬಗ್ಗಿ ನೋಡಿ ಬಂದ. "ಹಂಗಾದ್ರೆ ಇಲ್ಲಮ್ಮ. ಇಲ್ಲಿ ಬಿದ್ದಿರೋರೆಲ್ಲ ನಿನ್ನೆ ಮೊನ್ನೆಯೋರು."

ಚಳವಳಿಯಲ್ಲಿ ಹೋದ ಕಾಲು

ಪೇಪರ್ ತಲೆಕೆಳಗೆ ಹಿಡಿದಿದ್ದವರು ಮೆಲ್ಲಗೆ ಅದನ್ನ ಇಳಿಸಿದರು. ಯಲ್ದೂರು ಕಡೆ ಮಾವಿನ ತೋಟ ಇಟ್ಟಿರೋ ಹಿರಿಯರು. "ಕುಂಟ ತಾತನ ಮರಿಮೊಮ್ಮಗಳಾ ನೀನು? ಕೂತ್ಕೊಮ್ಮ."

ನಾನು ಕೂರಲಿಲ್ಲ. "ಕುಂಟ ಅನ್ನಬೇಡಿ. ಅವರ ಕಾಲು ಹೋದದ್ದು ಸ್ವಾತಂತ್ರ್ಯ ಚಳವಳಿಯಲ್ಲಿ" ಅಂತ ಕ್ಲಾಸಿನ ದನಿಯಲ್ಲೇ ತಿದ್ದಿದೆ. ತಿದ್ದದೆ ಬಿಡೋಕಾಗುತ್ತಾ ಮತ್ತೆ? ಪ್ರತಿ ಆಗಸ್ಟ್ ಹದಿನೈದಕ್ಕೆ ಬಾವುಟದ ಕೆಳಗೆ ನಿಂತು ಮಕ್ಕಳಿಗೆ ಹೇಳಿದ ಕಥೆ ಅದು. ಹೇಳ್ತಾ ನಾನೇ ಕಣ್ಣೊರೆಸಿಕೊಂಡದ್ದೂ ಉಂಟು.

"ಹೌದೌದು, ಚಳವಳೀಲೇ," ಅಂದರು. "ನಮ್ಮಪ್ಪ ಕಣ್ಣಾರೆ ಕಂಡಿದ್ರು. ಗಾಂಧಿ ಟೋಪಿಯೋರು ಹೆಂಡ ನಿಲ್ಲಿಸ್ಬೇಕು ಅಂತ ಈಚಲು ಮರ ಕಡಿಯೋಕೆ ಬಂದ್ರು. ನಿಮ್ಮ ಮುತ್ತಾತ ಮರ ಹತ್ತಿ ಕೂತು, ಇಳಿಯಲ್ಲ ಏನ್ ಮಾಡ್ಕೊಂತೀರೋ ಮಾಡ್ಕಳ್ರಿ ಅಂದ. ಅವ್ರೂ ಕಡಿಯೋದು ನಿಲ್ಲಿಸಲಿಲ್ಲ."

ನಾನು ನೋಟ್‌ಬುಕ್ಕು ಮುಚ್ಚಿದೆ. ಮೂವತ್ತು ಆಗಸ್ಟ್ ಹದಿನೈದು ಕಣ್ಣ ಮುಂದೆ ಸಾಲಾಗಿ ಹೋದವು.

"ಬೇಜಾರು ಮಾಡ್ಕೋಬೇಡಮ್ಮ," ಅಂದರು ಹಿರಿಯರು. "ನೀನು ಹೇಳಿದ್ದು ಸುಳ್ಳಲ್ಲ. ಯಾವ ಕಡೆ ಇದ್ದ ಅಂತ ಹೇಳಲಿಲ್ಲ, ಅಷ್ಟೇ."

ಹೆಸರು

ಇನ್ನು ಅವಮಾನ ಆಗೋಕೆ ಏನೂ ಉಳಿದಿಲ್ಲ ಅಂದುಕೊಂಡು ಕೇಳೇಬಿಟ್ಟೆ: "ಮುತ್ತಾತನ ಹೆಂಡತಿ ಹೆಸರು ಯಾರಿಗಾದ್ರೂ ಗೊತ್ತಾ?"

ಕೌಂಟರಿನಲ್ಲಿದ್ದ ಬಾರಿನ ಯಜಮಾನರು ಎದ್ದು ನಿಂತರು. "ನಿಮಗೆ ಗೊತ್ತಿಲ್ವಾ?"

ನನ್ನನ್ನ ಕೌಂಟರ್ ಹಿಂದೆ ಕರಕೊಂಡು ಹೋದರು. ದೇವರ ಪಟಗಳ ಸಾಲಿನಲ್ಲಿ ಕಂದುಗಟ್ಟಿದ ಒಂದು ಫೋಟೋ. ದೊಡ್ಡ ಮೂಗುತಿ, ನನ್ನಪ್ಪನದೇ ಗಲ್ಲ. ಅಂದಿನ ಮಲ್ಲಿಗೆ ಮುಡಿಸಿ, ಊದುಬತ್ತಿ ಹಚ್ಚಿದ್ದರು.

"ಸೊಣ್ಣಮ್ಮನೋರು. ಗಂಡನ ಕಾಲು ಹೋದ್ಮೇಲೆ ಅಂಗಡಿ ನಡೆಸಿ ಮಗನ್ನ ಓದಿಸಿದ್ರು. ಮಗ ಸರ್ಕಾರಿ ಕೆಲಸ ಸಿಕ್ಕಿದ್ಮೇಲೆ ಈ ಕಡೆ ತಲೆ ಹಾಕಲಿಲ್ಲ, ಅಮ್ಮ ಹೆಂಡ ಮಾರೋಳು ಅಂತ ನಾಚಿಕೆ. ಕೊನೆಗಾಲದಲ್ಲಿ ನೋಡಿಕೊಂಡದ್ದು ನಮ್ಮ ತಾತ. ಅಂಗಡಿ ಅವರಿಗೇ ಬಿಟ್ಟುಕೊಟ್ರು." ಅವರ ದನಿ ಏರಿತು. "ಇವರಿಗೆ ಕೈ ಮುಗೀದೆ ನಾನು ದಿನದ ಮೊದಲ ಬಾಟ್ಲಿ ತೆಗೆಯಲ್ಲ. ನೀವು ಹೆಸರೇ ಮರೆತುಬಿಟ್ರಾ? ಎಂಥಾ ಮೊಮ್ಮಕ್ಕಳಮ್ಮ ನೀವು!"

ಸಪ್ಲೈಯರ್ ತಲೆ ಅಲ್ಲಾಡಿಸಿದ. ಮಾವಿನ ತೋಟದವರು ಲೊಚಗುಟ್ಟಿದರು. ಹಿಂಬಾಗಿಲಿನಿಂದ ಓಡಿಹೋಗಿದ್ದ ಇಬ್ಬರೂ ವಾಪಸ್ ಬಂದು, ನನ್ನನ್ನ ಮೇಲಿಂದ ಕೆಳಗೆ ನೋಡಿ, "ಓದಿದೋರೇ ಹಿಂಗೆ" ಅಂದರು. ಹಗಲು ಹನ್ನೊಂದಕ್ಕೇ ಕುಡಿದು ತೂರಾಡೋರಿಂದ ನಾನು ಸಂಸ್ಕಾರ ಕಲೀಬೇಕಾಯ್ತು!

ಎಡೆ

ಹೆಸರು, ಕಥೆ ಎಲ್ಲ ಕೇಳಿ ಅಪ್ಪ "ಸೊಣ್ಣಮ್ಮ, ಸೊಣ್ಣಮ್ಮ" ಅಂತ ಎರಡು ಸಲ ಮೆಲ್ಲಗೆ ಅಂದು ನೋಡಿದರು. ಕಣ್ಣು ತುಂಬಿತ್ತು. ಅದರ ಹಿಂದೆಯೇ ಸಿಟ್ಟು ಬಂತು. "ಸ್ವಂತ ಅಮ್ಮನ ಹೆಸರು ಮುಚ್ಚಿಟ್ಟನಲ್ಲ! ಈ ಸಲ ನಮ್ಮಪ್ಪನ ಎಡೆಗೆ ವಡೆ ಇಡಬೇಡ."

"ಆಯ್ತಪ್ಪ."

"ಅಜ್ಜಿಗೆ ಹೆಂಡ ಇಡು."

"ಹೆಂಡ ಈಗ ಎಲ್ಲಿ ಸಿಗುತ್ತಪ್ಪ?"

"ಬ್ರಾಂದಿ ತಾ. ಅವಳೇನು ಬೇಡ ಅನ್ನಲ್ಲ."

ನಮ್ಮ ಯಜಮಾನರು ಮಾಲೂರಿಗೆ ಹೋಗಿದ್ದರು. ಅಮಾವಾಸ್ಯೆ ದಿನ ಮಟಮಟ ಮಧ್ಯಾಹ್ನ, ತಲೆ ತುಂಬ ಸೆರಗು ಹೊದ್ದು, ಮನೆಯಿಂದ ನಾಲ್ಕು ಬೀದಿ ಆಚೆಯ ವೈನ್ ಶಾಪಿಗೆ ನಾನೇ ಹೋದೆ. ಜಾಲರಿಯ ಸಂದಿಯಲ್ಲಿ, "ಒಂದು ಬ್ರಾಂದಿ" ಅಂತ ಪಿಸುಗುಟ್ಟಿದೆ.

"ಕ್ವಾರ್ಟರಾ, ಹಾಫಾ?" ಅಂತ ಅಂಗಡಿಯವನು ಬೀದಿಗೆಲ್ಲ ಕೇಳೋ ಹಾಗೆ ಕಿರುಚಿದ.

"ಮಿಸ್?"

ಹಿಂದಿನಿಂದ ಬಂತು ದನಿ. ತಿರುಗಿದರೆ ನನ್ನ ಹಳೇ ಶಿಷ್ಯ. ಟೊಮೇಟೊ ಮಂಡಿಯಲ್ಲಿ ವ್ಯಾಪಾರ ಮಾಡ್ತಾನೆ, ಮೀಸೆಯೆಲ್ಲ ಬೆಳ್ಳಗಾಗಿತ್ತು. ಕುಡಿತದ ಕೇಡಿನ ಮೇಲೆ ನಾನು ಬರೆಸಿದ ಪ್ರಬಂಧಕ್ಕೆ ಬಹುಮಾನ ತಗೊಂಡವನು.

"ನನಗಲ್ಲ ಕಣೋ!" ಅಂದೆ. "ನಮ್ಮ ಮುತ್ತಜ್ಜಿಗೆ!"

ಅವನು ಗೌರವದಿಂದ ಪಕ್ಕಕ್ಕೆ ಸರಿದು ನನಗೆ ಜಾಗ ಬಿಟ್ಟ.

"ನಾಚ್ಕೋಬೇಡಿ ಮಿಸ್. ಇಲ್ಲಿ ಯಾರೂ ತಮಗೆ ಅಂತ ತಗೊಳ್ಳಲ್ಲ."