ರಾಣಿಛಾಪಿನ ದನಿ

ಕೊಪ್ಪಳದ ಪ್ಯಾಟ್ಯಾಗ ದೇವೇಂದ್ರಪ್ಪನ ಕಿವಿಗಿದ್ದ ಹೆಸರು ಅವನ ಕಿರಾಣಿ ಅಂಗಡಿಗೂ ಇರಲಿಲ್ಲ. ಯಾರು ರೂಪಾಯಿ ಕೊಟ್ಟರೂ ಸರಿ, ಪಕ್ಕದ ಕಲ್ಲಿಗೆ ಬಡಿದು, ತಲೆ ವಾಲಿಸಿ ಕೇಳುತ್ತಿದ್ದ. ‘ಠಣ್’ ಅಂದರೆ ಗಲ್ಲೆಪೆಟ್ಟಿಗೆಗೆ, ‘ಟಪ್’ ಅಂದರೆ ಕೊಟ್ಟವನ ಮುಖಕ್ಕೆ. ಗೌಡರ ರೂಪಾಯಿಯನ್ನೂ ಬಿಟ್ಟವನಲ್ಲ. ಆದರೆ ಅವನು ಕೊಟ್ಟ ರೂಪಾಯಿಯನ್ನು ಯಾರೂ ಬಡಿದು ನೋಡುತ್ತಿರಲಿಲ್ಲ. ಆ ಕಿವಿ ದಾಟಿ ಬಂದ ಮೇಲೆ ಮತ್ತೇನು ನೋಡುವುದು ಅಂತ ಊರಿಗೆ ಊರೇ ನಂಬಿತ್ತು.

ಆಗ ನಮ್ಮ ಕಡೆ ಎರಡು ನಮೂನೆ ರೊಕ್ಕ. ಊರೊಳಗೆ ನಿಜಾಮರ ಚಾರಮಿನಾರ ಛಾಪಿನ ಹಾಲಿ ರೂಪಾಯಿ. ಸ್ಟೇಶನ್ನಿನ ತಿಕೀಟಿನ ಕಿಡಕಿಗೆ ಹೋದರೆ ಇಂಗ್ರೇಜರ ಕಲ್ದಾರೇ ಆಗಬೇಕು. ದೇವೇಂದ್ರಪ್ಪನ ಮನೆಯಲ್ಲಿ ಒಂದು ಹಳೆಯ ಕಲ್ದಾರ ಇತ್ತು, ಇಂಗ್ರೇಜರ ರಾಣಿಯ ಮುಖವಿದ್ದ ರಾಣಿಛಾಪು. ಮದುವೆಯಲ್ಲಿ ಕುಷ್ಟಗಿಯ ಮಾವ ಅದನ್ನು ಅಳಿಯನ ಕೈಯಲ್ಲಿಟ್ಟು, ಇದು ಲಕ್ಷ್ಮಿ, ಖರ್ಚು ಮಾಡಬ್ಯಾಡ್ರಿ ಅಂದಿದ್ದ. ಮಾವ ತೀರಿಕೊಂಡ ಮೇಲಂತೂ ಹೆಂಡತಿ ವಿರೂಪಾಕ್ಷಮ್ಮನಿಗೆ ಅದೇ ತವರು, ಅದೇ ಅಪ್ಪ. ಪ್ರತಿ ದೀಪಾವಳಿಗೆ ಅದಕ್ಕೇ ಪೂಜೆ.

ಆ ವರ್ಷವೂ ಹಬ್ಬದ ಮುಂಜಾನೆ ಹುಣಸೆಹಣ್ಣು ಹಚ್ಚಿ ತಿಕ್ಕಿ ತೊಳೆದಳು. ಗಲ್ಲೆಪೆಟ್ಟಿಗೆಯ ಮೇಲೆ ಒಣಗಲಿಕ್ಕೆ ಇಟ್ಟು ಹೋಳಿಗೆ ಕಡೆ ಹೋದಳು. ಅಷ್ಟರಲ್ಲಿ ಟಾಂಗಾದ ಚಾಂದಸಾಬ ಸ್ಟೇಶನ್ನಿನಿಂದ ಸಕ್ಕರೆ ಚೀಲ ಹಾಕಿಕೊಂಡು ಬಂದು, ಕಲ್ದಾರ ಇದ್ದರ ಕೊಡ್ರಿ ಸಾವಕಾರ್ರ ಅಂದ. ಕಣ್ಣೆದುರೇ ಒಂದು ಕೂತಿತ್ತು. ದೇವೇಂದ್ರಪ್ಪ ಲೆಕ್ಕದ ಗದ್ದಲದಲ್ಲಿ ಅದನ್ನೇ ಎತ್ತಿ ಕೊಟ್ಟ. ಚಾಂದಸಾಬ ಬಡಿದು ನೋಡದೆ ಕಿಸೆಗೆ ಹಾಕಿಕೊಂಡು ಹೋದ.

ಕುಂಕುಮದ ಬಟ್ಟಲು ಹಿಡಿದು ಹೊರಗೆ ಬಂದ ವಿರೂಪಾಕ್ಷಮ್ಮ, ರೂಪಾಯಿ ಟಾಂಗಾದವನಿಗೆ ಹೋಯಿತೆಂದು ತಿಳಿದು ಅಳಲಿಲ್ಲ, ಬಯ್ಯಲಿಲ್ಲ. ಅದೇ ಹೆದರಿಕೆಯ ವಿಷಯ.

“ಸಂಜಿಗೆ ನನ್ನ ತಮ್ಮ ಬರತಾನ. ದೀಪ ಹಚ್ಚೂದರೊಳಗ ನಮ್ಮಪ್ಪನ ರೂಪಾಯಿ ತಾಟಿನ್ಯಾಗ ಇರಬೇಕು. ಇಲ್ಲಂದ್ರ ಅವನ ಬಂಡಿಯೊಳಗ ನಾನೂ ಕುಷ್ಟಗಿಗೆ ಹೋಗತೀನಿ.”

“ಇಷ್ಟ ಹೌದಲ್ಲ? ನನ್ನ ರೂಪಾಯಿ ನನ್ನ ಕೈ ಬಿಟ್ಟು ಎಲ್ಲಿಗೆ ಹೋದೀತು?” ಅಂದ ದೇವೇಂದ್ರಪ್ಪ, ರುಮಾಲು ಸುತ್ತಿಕೊಂಡು ಹೊರಟೇಬಿಟ್ಟ.

ಓಣಿಯ ಕಟ್ಟೆಯ ಮೇಲಿದ್ದ ಮುದುಕವ್ವ ಯಾಕೋ ಏನೋ ಅಂತ ಕೇಳಿದಳು. ಕೇಳಿದ ಮೇಲೆ ಒಬ್ಬಳೇ ಇಟ್ಟುಕೊಳ್ಳುವ ಹೆಂಗಸಲ್ಲ ಅವಳು. ಟಾಂಗಾ ಅಡ್ಡೆ ಮುಟ್ಟುವಷ್ಟರಲ್ಲಿ ಅವನ ಹಿಂದೆ ಅರ್ಧ ಓಣಿ ಇತ್ತು. ಪೂಜೆಯ ರೂಪಾಯಿ ಅಂದರೆ ಸುಮ್ಮನಾ, ಇವತ್ತ ಸಿಗಬೇಕ್ರಿ ಅಂತ ಎಲ್ಲರೂ ತಲೆಗೊಂದು ಸಲಹೆ ಕೊಟ್ಟರು. ಚಾಂದಸಾಬ ಹೇಳಿದ್ದು ಇಷ್ಟು: ಹೂವಿನ ಪಂಪಮ್ಮ ಹೊಸಪೇಟೆಗೆ ಹೂವು ತರಲಿಕ್ಕೆ ರೈಲಿಗೆ ಹೊರಟಿದ್ದಳು, ಕಲ್ದಾರ ಬೇಕಂತ ಕೈ ಹಿಡಿದಳು, ಹಾಲಿ ತಗೊಂಡು ಅದನ್ನು ಅವಳಿಗೆ ಕೊಟ್ಟೆ. ದೇವೇಂದ್ರಪ್ಪ ಟಾಂಗಾ ಹತ್ತಿದ. ಓಣಿಯೂ ಹಿಂದಿಂದೆ ಓಡಿತು.

ಸ್ಟೇಶನ್ನಿನಲ್ಲಿ ರೈಲು ಹೋಗಿಬಿಟ್ಟಿತ್ತು. ಪಂಪಮ್ಮ ಮಾತ್ರ ಬುಟ್ಟಿ ಬೋರಲು ಹಾಕಿಕೊಂಡು ಅಳುತ್ತಾ ಕೂತಿದ್ದಳು. ಪಕ್ಕದಲ್ಲಿ ಹವಾಲ್ದಾರ, ಅವನ ಅಂಗೈಯಲ್ಲಿ ರಾಣಿಛಾಪು. ದೇವೇಂದ್ರಪ್ಪನಿಗೆ ಪಂಪಮ್ಮನ ಕಣ್ಣೀರು ಕಾಣಲಿಲ್ಲ, ರೂಪಾಯಿ ಕಂಡಿತು. ಜನರನ್ನು ಸರಿಸಿ ಮುಂದೆ ನುಗ್ಗಿದ.

“ಅದು ನಂದ್ರಿ. ರಾಣಿ ಕಿವಿ ಕೆಳಗ ಗೀರು ಐತಿ, ಜಡಿಯೊಳಗ ಅರಿಷಿಣ ಕುಂತೈತಿ. ನೋಡ್ರಿ ಬೇಕಾದ್ರ.”

ಹವಾಲ್ದಾರ ತಿರುಗಿಸಿ ನೋಡಿದ. ಎರಡೂ ಇದ್ದವು. ನಿನ್ನದೇ ಅಂತ ಖಾತ್ರಿ ಏನು ಅಂತ ಕೇಳಿದ. ದೇವೇಂದ್ರಪ್ಪ ಚಾಂದಸಾಬನನ್ನು ಎಳೆದು ತಂದು ಸಾಕ್ಷಿ ಹೇಳಿಸಿದ. ಸಾಲದ್ದಕ್ಕೆ ಇಡೀ ಓಣಿಯಿಂದ ಹೌದು, ಅದು ಇವರದ ಅಂತ ಅನ್ನಿಸಿದ. ಇಷ್ಟು ಗಟ್ಟಿ ಸಾಕ್ಷಿ ಆ ಹವಾಲ್ದಾರನ ನೌಕರಿಯಲ್ಲಿ ಯಾವ ಖಟ್ಲೆಗೂ ಸಿಕ್ಕಿರಲಿಕ್ಕಿಲ್ಲ.

“ಊರ ಮಂದಿ ರೂಪಾಯಿ ಬಡಿದು ನೋಡಾವ ನೀನ ಅಲ್ಲೇನು?” ಅಂದ ಹವಾಲ್ದಾರ. “ತಗೋ, ಇದನ್ನೊಮ್ಮೆ ಬಡಿ.”

ದೇವೇಂದ್ರಪ್ಪ ನಗುತ್ತಾ ಪ್ಲಾಟ್‌ಫಾರ್ಮಿನ ಕಲ್ಲಿಗೆ ಬಡಿದ. ಟಪ್. ಕಲ್ಲು ಬದಲಿಸಿ ಬಡಿದ. ಟಪ್. ಅವನ ಮುಖ ಸುಣ್ಣದ ಗೋಡೆಯಾಯಿತು. ಕೈಗೆ ಬಂದ ದಿನದಿಂದ ಅದು ದೇವರು. ದೇವರನ್ನು ಯಾರು ಕಲ್ಲಿಗೆ ಬಡಿದು ನೋಡುತ್ತಾರೆ?

ತಿಕೀಟಿನ ಕಿಡಕಿಯಲ್ಲಿ ಸಿಕ್ಕಿಬಿದ್ದ ಖೋಟಾ ನಾಣ್ಯ ತಿರುಗಿ ಪ್ಯಾಟಿಗೆ ಹೋಗಬಾರದು ಅಂತ ಗೂಡ್ಸ್ ಶೆಡ್ಡಿನಿಂದ ಉಳಿ ತರಿಸಿ ಎದುರಿಗೇ ಎರಡು ಹೋಳು ಮಾಡಿದರು. ದೇವೇಂದ್ರಪ್ಪನ ಇಷ್ಟು ವರ್ಷದ ಹೆಸರು ನೋಡಿ ಹವಾಲ್ದಾರ ಬೈದಷ್ಟಕ್ಕೇ ಬಿಟ್ಟ. ಪಂಪಮ್ಮ ಬಿಡಲಿಲ್ಲ. ಅವಳ ಕಲ್ದಾರ, ತಪ್ಪಿದ ರೈಲು, ಹಬ್ಬದ ಹೂವಿನ ಲಾಭ ಎಲ್ಲ ಕಟ್ಟಿಕೊಟ್ಟು, ದೇವೇಂದ್ರಪ್ಪ ಎರಡು ಹೋಳು ಧೋತರದ ತುದಿಗೆ ಗಂಟು ಹಾಕಿಕೊಂಡು ನಡೆದ.

ನಡೆಯುತ್ತಾ ನಡೆಯುತ್ತಾ ಧೈರ್ಯ ಬಂತು. ವಿರೂಪಾಕ್ಷಮ್ಮನಿಗೆ ಬೇಕಾದ್ದು ಒಂದು ರಾಣಿಛಾಪು ತಾನೆ? ಸರಾಫನ ಅಂಗಡಿಯಲ್ಲಿ ಹಳೆಯ ರಾಣಿಛಾಪಿನ ರಾಶಿ ತೆಗೆಸಿ, ಒಂದೊಂದನ್ನೇ ಬಡಿದು ಕೇಳಿ, ದನಿ ಎಲ್ಲಕ್ಕಿಂತ ಛಲೋ ಇದ್ದದ್ದನ್ನು ಹೇಳಿದ ಬೆಲೆಗೆ ಕೊಂಡ. ಚಾಕುವಿನಿಂದ ಕಿವಿಯ ಕೆಳಗೆ ಗೀರು ಹಾಕಿದ. ಜಡೆಗೆ ಅರಿಷಿಣ ತಿಕ್ಕಿದ. ಮಾವನೇ ಎದ್ದು ಬಂದರೂ ಫರಕು ಗೊತ್ತಾಗಬಾರದು, ಹಾಗೆ ಆಯಿತು.

ಸಂಜೆ ಮೈದುನ ಉಮಾಪತಿ ಬಂದು ಕೂತಿದ್ದ. ರೂಪಾಯಿ ನೋಡಿ ವಿರೂಪಾಕ್ಷಮ್ಮನ ಕಣ್ಣು ತುಂಬಿದವು. ಸಿಕ್ಕಿತಲ್ರಿ, ನನ್ನ ಜೀವ ಬಂತು ಅಂದಳು. ಗೀರು ನೋಡಿದಳು, ಅರಿಷಿಣ ನೋಡಿದಳು, ಕಣ್ಣಿಗೆ ಒತ್ತಿಕೊಂಡು ಹಿತ್ತಾಳೆ ತಾಟಿಗೆ ಬಿಟ್ಟಳು.

ಠಣ್.

ಅವಳ ಕೈ ಅಲ್ಲೇ ನಿಂತಿತು. ಎತ್ತಿ ಮತ್ತೊಮ್ಮೆ ಬಿಟ್ಟಳು. ಅದು ಇನ್ನೂ ಚೆನ್ನಾಗಿ ಹಾಡಿತು.

“ಇದು ನಮ್ಮಪ್ಪಂದಲ್ಲ. ಅದು ತಾಟಿಗೆ ಬಿಟ್ಟರ ಟಪ್ ಅಂತ ಗಂಭೀರಾಗಿ ಕುಂದರತಿತ್ತು. ಹಿಂಗ ಕಿರಚತಿರಲಿಲ್ಲ. ಯಾವುದೋ ಖೋಟಾ ತಂದು ನಮ್ಮಪ್ಪನ ಹೆಸರು ಹೇಳತೀರೇನ್ರಿ?”

ದೇವೇಂದ್ರಪ್ಪನ ಕೈ ಧೋತರದ ಗಂಟಿಗೆ ಹೋಯಿತು. ಬಿಚ್ಚಿದರೆ ತಾನು ಪಾರಾಗುತ್ತಾನೆ, ಆದರೆ ಹಬ್ಬದ ದಿನ, ಹೆತ್ತ ಮಕ್ಕಳಿಬ್ಬರ ಎದುರು, ಸತ್ತ ಮಾವ ಖೋಟಾ ಆಗುತ್ತಾನೆ. ಹೆಂಡತಿಯ ಮುಖ ನೋಡಿದ. ಗಂಟು ಬಿಚ್ಚದೆ ಇನ್ನಷ್ಟು ಬಿಗಿ ಮಾಡಿಕೊಂಡ.

ಉಮಾಪತಿ ಕೆಮ್ಮಿ ಗಂಟಲು ಸರಿ ಮಾಡಿಕೊಂಡ. “ಅಳಬ್ಯಾಡ ಅಕ್ಕಾ. ಅಪ್ಪನ ಚೀಲದಾಗ ಅಂಥಾವು ಇನ್ನೂ ಅದಾವು. ಹಬ್ಬಕ್ಕಂತ ನಿನಗೊಂದು ತಂದೀನಿ.” ಸೊಂಟದಿಂದ ತೆಗೆದು ತಾಟಿಗೆ ಬಿಟ್ಟ.

ಟಪ್.

ವಿರೂಪಾಕ್ಷಮ್ಮನ ಮುಖ ಅರಳಿತು. ನೋಡ್ರಿ, ಇದು ದನಿ ಅಂದ್ರ, ಅಷ್ಟು ದೊಡ್ಡ ಕಿವಿ ಇಟ್ಟುಕೊಂಡು ಇಷ್ಟು ತಿಳೀಲಿಲ್ಲೇನು ಅಂತ ಗಂಡನಿಗೆ ಅಂದು, ದೀಪ ಹಚ್ಚಿ ಅದಕ್ಕೆ ಕುಂಕುಮ ಏರಿಸಿದಳು. ಗಂಡ ತಂದ ಖೋಟಾ ಮನೆಯಲ್ಲಿರುವುದೇ ಬೇಡ, ಹೋಗುವಾಗ ಹಿರೇಹಳ್ಳಕ್ಕೆ ಒಗೆದು ಹೋಗು ಅಂತ ತಮ್ಮನ ಕೈಗೆ ಕೊಟ್ಟಳು.

ಊಟ ಮುಗಿಸಿ ಉಮಾಪತಿ ಬಂಡಿ ಕಟ್ಟಿದ. ಕಳಿಸಲು ಬಂದ ದೇವೇಂದ್ರಪ್ಪನ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಆಮೇಲೆ ಹಳ್ಳಕ್ಕೆ ಒಗೆಯಲು ಅಕ್ಕ ಕೊಟ್ಟ ಆ ರೂಪಾಯಿಯನ್ನು ಅಂಗಡಿಯ ಕಲ್ಲಿಗೆ ಒಮ್ಮೆ ಬಡಿದು, ತಲೆ ವಾಲಿಸಿ ಕೇಳಿ, ಸೊಂಟಕ್ಕೆ ಸಿಗಿಸಿಕೊಂಡ.