ಗಾಜಿನೊಳಗಿನ ಅಸುರ

ಬರೆಯುವುದು ಒಂದು ಕಲೆಯಾದರೆ, ಬರೆದದ್ದನ್ನು ಮಾರುವುದು ಮಹಾಕಲೆ. ಆ ಮಹಾಕಲೆಗೆ ನಮ್ಮ ಮನೆಯಲ್ಲಿ ನಾನೊಬ್ಬನೇ ವಾರಸುದಾರ ಎಂದು ಭಾನುವಾರ ಬೆಳಿಗ್ಗೆ ಘೋಷಿಸಿಬಿಟ್ಟೆ!

ನನ್ನಾಕೆ ಹಳೇ ಸಂಪ್ರದಾಯದ ದೇವರ ಚಿತ್ರ ಬರೆಯುತ್ತಾಳೆ. ಚಿನ್ನದ ರೇಕು, ಬಣ್ಣದ ಹರಳು, ಕೂದಲೆಳೆಯಂಥ ಕುಂಚ. ಇದುವರೆಗಿನವೆಲ್ಲ ಪುಕ್ಕಟೆಯಾಗಿ ನೆಂಟರ ಗೋಡೆಗಳಿಗೆ ದಯಮಾಡಿಸಿದ್ದವು. ಈ ಸಲ ನಾಲ್ಕು ತಿಂಗಳು ಬೆನ್ನು ಬಗ್ಗಿಸಿ ಮಹಿಷಾಸುರಮರ್ದಿನಿಯನ್ನು ಬರೆದಿದ್ದಳು.

"ಇದನ್ನಾದ್ರೂ ಹೊರಗಿನೋರು ಒಬ್ರು ಕೇಳಿ ತಗೊಳ್ಳಲಿಲ್ಲ ಅಂದ್ರೆ, ಕುಂಚ ಎಲ್ಲ ಅಟ್ಟಕ್ಕೆ!" ಎಂದಿದ್ದಳು. ಅವಳು ಹೇಳಿದ್ದನ್ನು ಮಾಡುವವಳು. ಅದೇ ಭಯ.

"ನಾನಿಲ್ವೇನೇ? ಒಂದು ಫೋಟೋ ತೆಗೆದು ಇಂಟರ್ನೆಟ್ಟಿಗೆ ಹಾಕ್ತೀನಿ. ಜನ ಮುಗಿಬೀಳ್ತಾರೆ!"

"ಹಾಗಾದ್ರೆ ಗಾಜು ಹಾಕ್ಸೋಕೆ ಮುಂಚೆ ತೆಗೀರಿ."

"ಗಾಜಿದ್ರೇನೇ ಗತ್ತು ಕಣೇ!"

ಗಾಜು ಹಾಕಿಸಿಯೇ ತಂದೆ. ವಿಪರೀತ ಸೆಕೆ. ಬನಿಯನ್ನಿನಲ್ಲೇ ಚಿತ್ರದ ಮುಂದೆ ಮಂಡಿಯೂರಿ ಮೊಬೈಲು ಎತ್ತಿದೆ. ಪಕ್ಕದ ಕಿಟಕಿಯ ಬಿಸಿಲೆಲ್ಲ ನನ್ನ ಮೇಲೆ. ಏಕಾಗ್ರತೆ ಹೆಚ್ಚಾದರೆ ನನ್ನ ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ. ಕ್ಲಿಕ್!

ಇಂಟರ್ನೆಟ್ಟಿಗೆ ಹಾಕಿದ ಹತ್ತೇ ನಿಮಿಷದಲ್ಲಿ ಫೋನು! ಹಲ್ಲಿನ ಡಾಕ್ಟರಂತೆ.

"ದೇವಿ ಚೆನ್ನಾಗಿದ್ದಾಳೆ ಸ್ವಾಮಿ. ಆದ್ರೆ ಕಾಲಡಿಯ ಅಸುರ ಇದ್ದಾನಲ್ಲ, ಏನು ಬಾಯಿ! ನನ್ನ ಪೇಷೆಂಟುಗಳು ಬಾಯಿ ತೆಗೀರಿ ಅಂದ್ರೆ ಅರ್ಧ ಇಂಚು ತೆಗೀತಾರೆ. ಇವನನ್ನ ಎದುರಿಗೆ ನೇತುಹಾಕಿದ್ರೆ ನೋಡಿ ಕಲೀತಾರೆ. ಸಂಜೆ ಬರ್ತೀನಿ, ಬೇರೆ ಯಾರಿಗೂ ಕೊಡಬೇಡಿ!"

ನಾನು ಮೀಸೆ ತಿರುವಿದೆ. ಸ್ಪೀಕರಿನಲ್ಲಿ ಎಲ್ಲ ಕೇಳಿಸಿಕೊಂಡ ಆಕೆ ಹುಬ್ಬು ಗಂಟಿಕ್ಕಿದಳು.

"ರೀ, ನನ್ನ ಅಸುರ ಬಾಯಿ ಮುಚ್ಕೊಂಡಿದ್ದಾನಲ್ಲ?"

"ಒಳಗಣ್ಣು ಇರೋರಿಗೆ ಮುಚ್ಚಿದ ಬಾಯೂ ತೆರೆದ ಹಾಗೆ ಕಾಣತ್ತೆ. ನಿನಗೆ ಅರ್ಥವಾಗಲ್ಲ ಬಿಡು!"

ಸಂಜೆ ಡಾಕ್ಟರು ಬಂದರು. ನೇರ ಚಿತ್ರದ ಮುಂದೆ ನಿಂತರು. ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು.

"ಇವನಲ್ಲ."

"ಅಂದ್ರೆ?"

"ಇವನು ಯಾರೋ ಸಣ್ಣ ನಡುವಿನ ಸುಂದರ. ಫೋಟೋದಲ್ಲಿದ್ದೋನಿಗೆ ಬಿಳೀ ಕವಚ ಇತ್ತು, ಕೈಯಲ್ಲಿ ಗುರಾಣಿ ಇತ್ತು, ಒಳ್ಳೇ ಹೊಟ್ಟೆ ಇತ್ತು!"

ಅವರ ಮೊಬೈಲಿನೊಳಕ್ಕೆ ಇಬ್ಬರೂ ಬಗ್ಗಿದೆವು. ಗಾಜು ಕನ್ನಡಿಯಾಗಿ, ದೇವಿಯ ಪಾದದಡಿಯ ಕಡುಗಪ್ಪು ಅಸುರನನ್ನು ಮುಚ್ಚಿ, ಕವಚವೆಂಬ ಬನಿಯನ್ ತೊಟ್ಟು, ಗುರಾಣಿಯೆಂಬ ಮೊಬೈಲು ಹಿಡಿದು, ಬಾಯಿ ಕಳೆದುಕೊಂಡು ಸಾಕ್ಷಾತ್ ನಾನು!

"ಕ್ಷಮಿಸಿ, ನನಗೆ ಇದು ಬೇಡ" ಎಂದು ಡಾಕ್ಟರು ಚಪ್ಪಲಿ ಮೆಟ್ಟಿದರು. ಆಕೆ ಕುಂಚಗಳನ್ನು ಒಂದೊಂದಾಗಿ ಡಬ್ಬಿಗೆ ತುಂಬತೊಡಗಿದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅದನ್ನೇ ನೋಡುತ್ತಾ ನಿಂತ ನನ್ನ ಬಾಯಿ ತಾನಾಗಿ ತೆರೆದುಕೊಂಡಿತು.

ಹೊಸ್ತಿಲು ದಾಟುತ್ತಿದ್ದ ಡಾಕ್ಟರು ತಿರುಗಿ ನೋಡಿದರು. "ಹಾಂ! ಇವನೇ! ಅಲ್ಲಾಡಬೇಡಿ!" ಎಂದು ಓಡಿಬಂದು ಗಲ್ಲ ಹಿಡಿದು ಬಗ್ಗಿ ನೋಡಿದರು. "ಮೇಲಿನ ಸಾಲಲ್ಲಿ ಒಂದು ಹಲ್ಲು ಹೋಗಿದೆ. ಅಮ್ಮಾ, ಅದೂ ಬರ್ಬೇಕು. ಇವರನ್ನೇ ಕೂರಿಸಿ ಅಸುರನ್ನ ತಿದ್ದಿಕೊಡಿ, ಖಂಡಿತ ತಗೊಳ್ತೀನಿ!"

"ಹದಿನೈದು ದಿನ ಕೊಡಿ ಡಾಕ್ಟ್ರೇ!" ಎಂದಳು ಆಕೆ, ಡಬ್ಬಿಯಿಂದ ಕುಂಚ ಹೊರಗೆಳೆಯುತ್ತಾ. ಅಂಥ ನಗು ಅವಳ ಮುಖದಲ್ಲಿ ನಾಲ್ಕು ತಿಂಗಳಿಂದ ಕಂಡಿರಲಿಲ್ಲ. ನನ್ನನ್ನು ಒಂದು ಮಾತು ಕೇಳಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ!

ಈಗ ಗಾಜು ಕಳಚಿದೆ. ದಿನಾ ಸಂಜೆ ಬನಿಯನ್ ತೊಟ್ಟು ಮಂಡಿಯೂರಿ ಕೂರುತ್ತೇನೆ. ನಿನ್ನೆ ಮೆಲ್ಲಗೆ ಬೇಡಿಕೊಂಡೆ.

"ನಾಲ್ಕು ಜನ ನೋಡೋ ಜಾಗ ಕಣೇ. ಹೊಟ್ಟೆ ಒಂಚೂರು ಕಡಿಮೆ ಮಾಡು."

"ಬಾಯಿ ಮುಚ್ಚಬೇಡಿ" ಎಂದು ಗದರಿದಳು. ಕುಂಚದ ತುದಿ ಚೂಪು ಮಾಡಿಕೊಂಡು, ನನ್ನನ್ನೂ ಚಿತ್ರವನ್ನೂ ಒಮ್ಮೆ ಅಳೆದು ನೋಡಿದಳು.

"ಕಡಿಮೆ ಮಾಡಿದ್ರೆ ದೇವಿ ಕಾಲಿಡೋದು ಎಲ್ರೀ?"