ಸ್ಟಿಕ್ಕರ್ ಯಾವ ಕಡೆಗೆ?

ಆ ದಿನ ಹತ್ತು ಗಂಟೆಯೊಳಗೆ ಮ್ಯಾಕ್ಸಿಮನ ಕಂಪ್ಯೂಟರ್ ಎರಡು ಸಲ ಆರಿತು. ಮೊದಲ ಸಲ ಅವನು ಚಹಾ ಕುಡಿದು ಬರುವಷ್ಟರಲ್ಲಿ, ಎರಡನೆಯ ಸಲ ಮೀನಿನವಳ ಹತ್ತಿರ ಬಂಗುಡೆ ಆರಿಸಿ ಬರುವಷ್ಟರಲ್ಲಿ. ಕೆಲಸವನ್ನು ಸೇವ್ ಮಾಡಬೇಕಿತ್ತೆಂದು ಅವನಿಗೆ ನೆನಪಾಗುತ್ತಿದ್ದುದೇ ಆಮೇಲೆ.

ಇಗರ್ಜಿಯ ಸ್ಮರಣ ಸಂಚಿಕೆಯ ಪುಟಗಳು ಸಂಜೆ ಐದಕ್ಕೆ ಉಡುಪಿಯ ಪ್ರೆಸ್ಸಿಗೆ ಹೋಗಬೇಕಿತ್ತು. ಪುಟ ಜೋಡಿಸುವ ಕೆಲಸದಲ್ಲಿ ಪಳಗಿದವನು ಕಾರ್ಕಳದ ರಾಯ್‌ಸ್ಟನ್, ಹೆಂಡತಿ ಲೊರ್ನಾಳ ತಮ್ಮ. ಆದರೆ ಮ್ಯಾಕ್ಸಿಮ್ ತುಂಬಿದ ಚರ್ಚ್ ಸಭೆಯಲ್ಲಿ ಎದ್ದುನಿಂತು, ಅವನೇನೂ ಬೇಡ, ತಾನೇ ಮಾಡುತ್ತೇನೆ ಎಂದುಬಿಟ್ಟಿದ್ದ. ಈಗ ಭಾವಮೈದುನನ ಮುಂದೆ ಕೈಚೆಲ್ಲುವುದೆಂದರೆ ಮರ್ಯಾದೆಯ ಪ್ರಶ್ನೆ.

ಮಣಿಪಾಲದ ಅಂಗಡಿಯವನು, ಯಂತ್ರ ಬಿಸಿಯಾಗಿ ಆರುತ್ತಿರಬೇಕು, ಒಳಗಿರುವ ಫ್ಯಾನ್ ಸಾಲದು ಎಂದು ಇನ್ನೆರಡು ಫ್ಯಾನ್ ಕೊಟ್ಟ. ಸ್ಟಿಕ್ಕರ್ ಇರುವ ಬದಿಯಿಂದ ಗಾಳಿ ಹೊರಗೆ ಬರುತ್ತದೆ ಎಂದೂ ಹೇಳಿದ. ಪರ್ಕಳದ ಮನೆ ಮುಟ್ಟುವಷ್ಟರಲ್ಲಿ ಮ್ಯಾಕ್ಸಿಮನ ತಲೆಯಲ್ಲಿ ಉಳಿದದ್ದು 'ಸ್ಟಿಕ್ಕರ್ ಹೊರಗೆ' ಎಂಬುದಷ್ಟೇ. ಕತಾರಿನಲ್ಲಿ ಇಪ್ಪತ್ತು ವರ್ಷ ಏಸಿ ರಿಪೇರಿ ಮಾಡಿ ಬಂದವನಿಗೆ ಗಾಳಿಯ ಪಾಠ ಬೇರೆ ಬೇಕೇ? ಊರಿಗೆ ಮರಳಿದ ವಾರವೇ ಮನೆಯ ಗೋಡೆಗೆಲ್ಲ ನಿಯಮಗಳ ಚೀಟಿ ಅಂಟಿಸಿದ್ದ ಶಿಸ್ತಿನ ಮನುಷ್ಯ ಅವನು. ಕಂಪ್ಯೂಟರ್ ಪೆಟ್ಟಿಗೆಯ ಮುಂದೊಂದು, ಹಿಂದೊಂದು, ಎರಡನ್ನೂ ಸ್ಟಿಕ್ಕರ್ ಹೊರಗೆ ಕಾಣುವಂತೆ ಬಿಗಿದ. ಕಂಪ್ಯೂಟರ್ ಅಕ್ಕಿ ಗಿರಣಿಯಂತೆ ಸದ್ದು ಮಾಡಿತು. ಲೊರ್ನಾಳಿಗೆ ಹೇಳಲು ಅಡುಗೆಮನೆಗೆ ಹೋಗಿ ಬಂದರೆ, ಆರಿತ್ತು.

ಹಲಸಿನಹಣ್ಣು ಕೊಡಲು ಬಂದ ಪಕ್ಕದ ಮನೆಯ ಗ್ಲ್ಯಾಡಿಸ್‌ಬಾಯಿ ಬಗ್ಗಿ ನೋಡಿದಳು.

"ಎಂತ ಮ್ಯಾಕ್ಸಿಮ್, ಚಂದದ ಬದಿ ಒಳಗೆ ಹಾಕಿದ್ದೀರಲ್ಲ? ಸೀರೆಯನ್ನು ಯಾರಾದರೂ ಉಲ್ಟಾ ಉಡುವುದುಂಟಾ?"

ವಾದಿಸಲು ಹೊತ್ತಿರಲಿಲ್ಲ. ಎರಡನ್ನೂ ತಿರುಗಿಸಿ ಬಿಗಿದು, ಆಕೆಯನ್ನು ಗೇಟಿನವರೆಗೆ ಬಿಟ್ಟು ಬಂದ. ಮತ್ತೆ ಆರಿತ್ತು. ಮ್ಯಾಕ್ಸಿಮನಿಗೆ ಅಳುವೇ ಬರುವಂತಾಯಿತು.

ಮಹಡಿಯಲ್ಲಿ ಬಾಡಿಗೆಗಿದ್ದ ಟೈಲ್ಸ್ ಕೆಲಸದ ರೇವಪ್ಪ, ಬಾದಾಮಿ ಕಡೆಯವನು, ಊಟಕ್ಕೆ ಬಂದವನು ಇವನ ಒದ್ದಾಟ ಕಂಡು ನಿಂತ.

"ಒಂದು ಊದಿನಕಡ್ಡಿ ಹಚ್ರಿ ಸಾಹೇಬ್ರ. ಹೊಗಿ ಸುಳ್ಳ ಹೇಳಂಗಿಲ್ಲ."

ಹೊಗೆ ನಿಜವನ್ನೇ ಹೇಳಿತು. ಎರಡು ಫ್ಯಾನೂ ಎರಡು ಕಡೆಯಿಂದ ಒಳಕ್ಕೇ ಊದುತ್ತಿದ್ದವು. ಹಿಂದಿನದನ್ನು ತಿರುಗಿಸಿದ ಮೇಲೆ ಹೊಗೆ ಮುಂದಿನಿಂದ ನುಗ್ಗಿ ಹಿಂದಿನಿಂದ ಹೊರಟಿತು. ಮ್ಯಾಕ್ಸಿಮ್ ರೇವಪ್ಪನ ಕೈ ಹಿಡಿದು ಕುಲುಕಿದ. ಊಟ ಬಿಟ್ಟು ಕುಳಿತ. ನಾಲ್ಕೂವರೆಯವರೆಗೆ ಕಂಪ್ಯೂಟರ್ ಒಮ್ಮೆಯೂ ಆರಲಿಲ್ಲ. ಕೊನೆಯ ಪುಟವೂ ಮುಗಿಯಿತು. ಕಳುಹಿಸುವ ಮೊದಲು ಮುಖ ತೊಳೆಯೋಣವೆಂದು ಬಚ್ಚಲಿಗೆ ಹೋದ.

ಮರಳಿ ಬಂದಾಗ ಕೋಣೆಯಲ್ಲಿ ತಾಯಿ ಬರ್ತಾಬಾಯಿ ನಿಂತಿದ್ದರು. ಒಂದು ಕೈಯಲ್ಲಿ ಜಪಮಾಲೆ, ಇನ್ನೊಂದು ಕೈಯ ಬೆರಳು ಕಂಪ್ಯೂಟರಿನ ಗುಂಡಿಯ ಮೇಲೆ. ಪರದೆ ಕಪ್ಪಾಗಿತ್ತು.

"ಬೆಳಗ್ಗಿನಿಂದ ಇದು ಐದನೇ ಸಲ ಪುತಾ" ಎಂದರು ಅವರು. "ಬೆಳಕು ಹೋಗುವವರೆಗೆ ಒತ್ತಿ ಹಿಡಿದು ನನ್ನ ಬೆರಳು ನೋಯುತ್ತದೆ. ಕೋಣೆಯಲ್ಲಿ ಜನ ಇಲ್ಲ, ಫ್ಯಾನ್ ಮಾತ್ರ ತಿರುಗುತ್ತಾ ಉಂಟು. ಎದ್ದು ಹೋಗುವಾಗ ನಿನಗೆ ಆರಿಸಲಿಕ್ಕೆ ಆಗುವುದಿಲ್ವಾ?"

ಸೇವ್ ಮಾಡಬೇಕಿತ್ತೆಂದು ಮ್ಯಾಕ್ಸಿಮನಿಗೆ ನೆನಪಾದದ್ದು ಆಗಲೇ. ಅವರು ಗೋಡೆಯತ್ತ ಕೈ ತೋರಿಸಿದರು. ಅಲ್ಲಿ ಅವನದೇ ದಪ್ಪ ಅಕ್ಷರಗಳಿದ್ದವು: 'ಕೋಣೆ ಬಿಡುವಾಗ ಫ್ಯಾನ್ ಆರಿಸಿ. ಮರೆತವರದ್ದನ್ನು ಕಂಡವರು ಆರಿಸಿ.'

ಐದಕ್ಕೆ ಹತ್ತು ನಿಮಿಷವಿರುವಾಗ ಮ್ಯಾಕ್ಸಿಮ್ ರಾಯ್‌ಸ್ಟನ್‌ಗೆ ಫೋನ್ ಮಾಡಿದ.